ಹಾಲೆಂಡಿನಲ್ಲಿ ಹೆಸರಿಲ್ಲದ ಚಿತ್ರಗಳ ಮುಂದೆ

ಹಾಲೆಂಡಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಕೇಳುವುದು ಒಂದೇ: ಹೂವಿನ ತೋಟ ನೋಡಿದಿರಾ? ನೋಡಲಿಲ್ಲ. ನಾವು ಹೋದದ್ದು ನವರಾತ್ರಿಯ ಹೊತ್ತಿಗೆ. ಆಗ ಅಲ್ಲಿ ಹೂವಿಲ್ಲ, ಬರೀ ಗಾಳಿ. ಆ ಗಾಳಿಯಲ್ಲಿ ನನ್ನ ಸೆರಗು ಒಂದು ದಿನವೂ ನನ್ನ ಮಾತು ಕೇಳಲಿಲ್ಲ. ಗಾಳಿಯಂತ್ರವನ್ನಾದರೂ ನೋಡಿದಿರಾ ಎನ್ನುತ್ತಾರೆ. ರೈಲಿನ ಕಿಟಕಿಯಿಂದ ಒಂದು ಕಂಡಿತು. ಅಷ್ಟು ಗಾಳಿಯಲ್ಲೂ ಅದು ನಿಂತಿತ್ತು. ಮತ್ತೆ ಅಷ್ಟು ದೂರ ಹೋಗಿ ನೋಡಿದ್ದೇನು ಎಂದು ಚನ್ನಪಟ್ಟಣದ ನಮ್ಮ ಬೀದಿಯ ಹೆಂಗಸರು ಬಿಡದೆ ಕೇಳುತ್ತಾರೆ. ಒಂದು ಕಲ್ಲು ನೋಡಿದೆ, ಒಂದಷ್ಟು ಚಿತ್ರ ನೋಡಿದೆ, ಏನೆಂದು ಅರ್ಥವಾಗಲಿಲ್ಲ ಎಂದರೆ ನಗುತ್ತಾರೆ. ನಗಲಿ. ನಾನು ನೋಡಿದ್ದು ಅದನ್ನೇ, ಬರೆಯುವುದೂ ಅದನ್ನೇ.

ಕೆಂಗಲ್

ನಮ್ಮ ಯಜಮಾನರು ಮರದ ಗೊಂಬೆ ಮಾಡುವವರು. ಅಲ್ಲಿಯ ಒಂದು ಊರಿನಲ್ಲಿ ಮರದ ಆಟಿಕೆಗಳ ಮೇಳ. ಲೇತಿನ ಕೆಲಸ ಮಾಡಿ ತೋರಿಸಲು ಇವರನ್ನೂ, ಪಕ್ಕದ ಬೀದಿಯ ಸಲೀಮ್ ಭಾಯಿಯನ್ನೂ ಕರೆದಿದ್ದರು. ಬಣ್ಣ ಹಾಕುವವರೂ ಒಬ್ಬರು ಬೇಕು ಎಂದರಂತೆ. ಒಲೆಯ ಮೇಲೆ ಬೇಳೆ ಇಟ್ಟು ಬಂದು ಲೇತಿನ ಪಕ್ಕ ಕುಳಿತು, ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತುವುದು ಮದುವೆಯಾದಾಗಿನಿಂದ ನನ್ನ ಪಾಲಿನ ಕೆಲಸ. ಹಾಗಾಗಿ ನನಗೂ ಟಿಕೆಟ್ ಬಂತು.

ಹೊರಡುವ ಹಿಂದಿನ ದಿನ ಆಂಜನೇಯನಿಗೆ ಕೈಮುಗಿಯಲು ಕೆಂಗಲ್ಲಿಗೆ ಹೋದರೆ, ನನ್ನ ತಂಗಿ ಮಂಜುಳ ಅಲ್ಲಿ ಕಂಬಕ್ಕೊರಗಿ ಕೂತಿದ್ದಳು. ಸೋಲೂರಿನ ಕಡೆ ಅವಳ ಮನೆ. ನನ್ನನ್ನು ಹುಡುಕಿಕೊಂಡೇ ಬಂದಿದ್ದಳು.

"ಅಕ್ಕಯ್ಯ, ಸಿಂಚನನ್ನ ಇನ್ನೊಂದು ತಿಂಗ್ಳಿಗೆ ಬುಡ್ತಾರಂತೆ."

ಸಿಂಚನ ಇವಳ ಮಗಳು. ಎರಡು ವರ್ಷದ ಹಿಂದೆ, ಹನ್ನೆರಡು ತುಂಬಿದಾಗ, ತನ್ನ ಚಿಕ್ಕಪ್ಪನ ನಾಲ್ಕು ವರ್ಷದ ಮಗನನ್ನು ತೋಟದ ಕೃಷಿ ಹೊಂಡಕ್ಕೆ ತಳ್ಳಿದಳು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ಕು ಜಾರುತ್ತದೆ, ದೊಡ್ಡವರೇ ಹತ್ತಿ ಬರುವುದು ಕಷ್ಟ. ಮಗು ಉಳಿಯಲಿಲ್ಲ. ಕಾಲು ಜಾರಿರಬೇಕು ಎಂದು ಎಲ್ಲರೂ ಅಳುತ್ತಿರುವಾಗ ಇವಳೇ ಬಂದು "ನಾನೇ ತಳ್ದೆ" ಎಂದಳು. ಯಾಕೆ ಎಂದು ಅಪ್ಪ ಕೇಳಿದ, ಪೊಲೀಸರು ಕೇಳಿದರು, ಜಡ್ಜು ಕೇಳಿದರು. "ಗೊತ್ತಿಲ್ಲ" ಎಂದಳು. ಅವಳನ್ನಿಟ್ಟ ಬೆಂಗಳೂರಿನ ಬಾಲಮಂದಿರಕ್ಕೆ ನಾನೂ ಒಮ್ಮೆ ಹೋಗಿ, ಕೋಡುಬಳೆ ಡಬ್ಬಿ ಮುಂದಿಟ್ಟು, ಬೈದು, ಅತ್ತು, ದೇವರ ಆಣೆ ಹಾಕಿ ಕೇಳಿದೆ. "ಗೊತ್ತಿಲ್ಲ ದೊಡ್ಡಮ್ಮ." ಆ ಮುಖದಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ. ಆಮೇಲೆ ನಾನು ಹೋಗಲಿಲ್ಲ.

"ನಮ್ಮೂರ್ಗೆ ಕರ್ಕೊಂಡು ಹೋಗಂಗಿಲ್ಲ," ಎಂದಳು ಮಂಜುಳ. "ಒಂದೇ ಗೋಡೆ ಅಲ್ವಾ ಅಕ್ಕಯ್ಯ. ಆಚೆ ಕಡೆ ಆ ತಾಯಿ ಅವ್ಳೆ. ನಾನು ಒಗ್ಗರಣೆ ಹಾಕಿದ್ರೆ ಅವ್ಳಿಗೆ ಕೇಳ್ತದೆ."

"ಅದಕ್ಕೆ?"

"ನಿಮ್ಮನೇಲಿ ಇಟ್ಕೊಳಕ್ಕಾಯ್ತದಾ?"

"ನಮ್ಮನೇಲಿ ಮೂರು ವರ್ಷದ ಕೂಸೈತೆ. ಮರ್ತೋಯ್ತಾ ನಿಂಗೆ?"

"ಮರ್ತಿಲ್ಲ. ಅದಕ್ಕೇ ಎಲ್ಡು ಬಸ್ಸು ಹತ್ತಿ ಬಂದಿದ್ದು. ಫೋನಲ್ಲಿ ಕೇಳೋ ಮಾತಾ ಇದು?"

ನನ್ನ ಮೊಮ್ಮಗಳು ಆದ್ಯ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ; ಬೆಳಗ್ಗೆಯಿಂದ ಸಂಜೆವರೆಗೆ ಮಗು ನನ್ನ ಸೊಂಟದ ಮೇಲೇ. ಹಾಲೆಂಡಿನಿಂದ ಬಂದ ಮೇಲೆ ಹೇಳುತ್ತೇನೆ ಎಂದೆ. "ಇಲ್ಲ ಅನ್ನಂಗಿದ್ರೆ ಇಲ್ಲ ಅನ್ನು, ಅವರೇ ಬೇರೆ ಎಲ್ಲಾದ್ರೂ ಹಾಕ್ತಾರೆ. ಹೂಂ ಅನ್ನಂಗಿದ್ರೆ ಅರ್ಧ ಮನಸ್ಸಲ್ಲಿ ಅನ್ಬೇಡ" ಎಂದು ಹೇಳಿ ಅವಳು ಬಸ್ಸು ಹತ್ತಿದಳು. ನಾನು ಆಂಜನೇಯನ ಮುಂದೆ ನಿಂತೆ. ಸುಖವಾಗಿ ಹೋಗಿ ಬರುವಂತೆ ಮಾಡಪ್ಪ ಎಂದು ಕೇಳಲು ಹೋದವಳು, ಇಷ್ಟು ದೊಡ್ಡ ಜಿಲ್ಲೆಯಲ್ಲಿ ನಿನಗೆ ಬೇರೆ ಮನೆ ಸಿಗಲಿಲ್ಲವಾ ಎಂದು ಕೇಳಿ ಬಂದೆ.

ಏಣಿಯಂಥ ಮೆಟ್ಟಿಲ ಮನೆ

ಅಲ್ಲಿ ನಮ್ಮನ್ನು ಉಳಿಸಿಕೊಂಡವರು ಮರೈಕೆ ಎಂಬ ಹೆಂಗಸು. ಅರವತ್ತು ದಾಟಿದೆ, ಒಬ್ಬರೇ ಇದ್ದಾರೆ, ತಾವೂ ಲೇತಿನಲ್ಲಿ ಮರ ಕಡೆಯುತ್ತಾರೆ. ನನ್ನ ಇಂಗ್ಲಿಷು ಬೋರ್ಡು ಓದುವಷ್ಟು, ಯಜಮಾನರದು ಗಿರಾಕಿಗೆ ಥ್ಯಾಂಕ್ಯೂ ಹೇಳುವಷ್ಟು. ಮಿಕ್ಕದ್ದಕ್ಕೆಲ್ಲ ಸಲೀಮ್ ಭಾಯಿಯೇ ನಮ್ಮ ಬಾಯಿ.

ಆ ದೇಶದವರು ಮನೆಯನ್ನು ಅಗಲಕ್ಕೆ ಕಟ್ಟುವುದಿಲ್ಲ, ಎತ್ತರಕ್ಕೆ ಕಟ್ಟುತ್ತಾರೆ. ಒಳಗೆ ಮೆಟ್ಟಿಲೆಂದರೆ ಏಣಿ. ಪಾದ ಪೂರ್ತಿ ಊರಲು ಜಾಗವಿಲ್ಲ, ಕೋಳಿಯ ಹಾಗೆ ಅಡ್ಡಡ್ಡ ಹತ್ತಬೇಕು. ಬೇಡ, ಒಬ್ಬರೇ ಎತ್ತಬೇಡಿ ಎಂದು ನಾನು ಹೇಳುತ್ತಿದ್ದ ಹಾಗೇ ಯಜಮಾನರು ದೊಡ್ಡ ಸೂಟ್‌ಕೇಸು ಎತ್ತಿದರು. ಮೂರನೇ ಮೆಟ್ಟಿಲಿಗೆ ಕೈ ಜಾರಿತು. ಬಾಯಿ ಬಿಟ್ಟ ಸೂಟ್‌ಕೇಸಿನಿಂದ ಐದು ಕಿಲೋ ರಾಗಿಹಿಟ್ಟು ಮೆಟ್ಟಿಲಿಳಿದು ನಡುಮನೆಯ ಜಮಖಾನೆಯವರೆಗೆ ಬಂತು. ಪರದೇಶದ ಮನೆಗೆ ಕಾಲಿಟ್ಟು ಐದು ನಿಮಿಷ ಆಗಿರಲಿಲ್ಲ. ಮರೈಕೆ ಬೆರಳಲ್ಲಿ ಒಂದಿಷ್ಟು ಹಿಟ್ಟು ತೆಗೆದು ನೋಡಿ, ಇದು ಯಾವ ಮರದ ಪುಡಿ ಎಂದು ಕೇಳಿದರು. ಉಪ್ಪಿನಕಾಯಿ ಬಾಟಲಿ ಒಡೆದಿರಲಿಲ್ಲ. ಆ ದಿನ ದೇವರು ಮಾಡಿದ ಉಪಕಾರ ಅದೊಂದೇ ಎಂದು ಲೆಕ್ಕ ಹಾಕಿಕೊಂಡು ಮಲಗಿದೆ.

ಅವರ ಪದ್ಧತಿಗಳನ್ನು ಏನು ಹೇಳಲಿ. ಕಾಫಿಯ ಜೊತೆ ಬಿಸ್ಕತ್ತಿನ ಡಬ್ಬಿ ಹಿಡಿಯುತ್ತಾರೆ, ನೀವು ಒಂದು ತೆಗೆದುಕೊಂಡ ತಕ್ಷಣ ಮುಚ್ಚಳ ಹಾಕುತ್ತಾರೆ. ಇನ್ನೊಂದು ತಗೊಳ್ಳಿ ಎಂಬ ಮಾತೇ ಇಲ್ಲ. ಮಧ್ಯಾಹ್ನಕ್ಕೆ ಬರೀ ಬ್ರೆಡ್ಡು, ಅದೂ ತಣ್ಣಗೆ. ಆದರೆ ಅಂಗಡಿಯಲ್ಲಿ ಗಟ್ಟಿ ಮೊಸರು ಸಿಗುತ್ತದೆ, ಅದಕ್ಕೆ ಶರಣು.

ಎಲ್ಲಕ್ಕಿಂತ ವಿಚಿತ್ರ ಎಂದರೆ ಅವರ ಕಿಟಕಿಗಳು. ಬೀದಿಗೆ ಆಳೆತ್ತರದ ಗಾಜು, ಪರದೆಯೇ ಇಲ್ಲ. ಸಂಜೆ ನಡೆದು ಹೋದರೆ ಒಳಗೆ ಊಟ ಮಾಡುವವರು, ಟೀವಿ ನೋಡುವವರು, ಮುನಿಸಿಕೊಂಡು ಕೂತವರು ಎಲ್ಲ ಕಾಣುತ್ತಾರೆ. ದಾರಿಹೋಕರು ಯಾರೂ ಒಳಗೆ ನೋಡುವುದಿಲ್ಲ. ನಾನು ನೋಡಿದೆ.

"ಅಕ್ಕಾ, ಹಂಗೆ ನಿಂತ್ಕೊಂಡು ನೋಡ್ಬೇಡಿ," ಎಂದರು ಸಲೀಮ್ ಭಾಯಿ. "ಅವರು ಪರದೆ ಹಾಕಿಲ್ಲ ಅಂದ್ರೆ ನಾವು ಕಣ್ಣಿಗೆ ಹಾಕ್ಕೋಬೇಕು."

ಸೋಲೂರಿನಲ್ಲಿ ಮಂಜುಳ ಕಿಟಕಿ ತೆಗೆದು ಎರಡು ವರ್ಷವಾಯಿತು. ಹಗಲಲ್ಲೂ ಲೈಟು ಹಾಕಿಕೊಂಡು ಅಡಿಗೆ ಮಾಡುತ್ತಾಳೆ. ಬೇಡ ಬೇಡವೆಂದರೂ ಅದೇ ನೆನಪಾಯಿತು. ಏಳು ಸಮುದ್ರ ದಾಟಿದರೂ ಬೆನ್ನು ಬಿಡದ ಈ ಪೀಡೆಯ ಮೇಲೆ ನನಗೆ ಸಿಟ್ಟೇ ಬಂತು.

ಮೇಳದ ಮೂರನೇ ದಿನ

ಯಜಮಾನರು ಒಂದು ಗೊಂಬೆ ಕಡೆಯುತ್ತಿದ್ದರು. ಮೈಗೆ ಹಳದಿ ಹಾಕಿ ಆಗಿತ್ತು, ತಲೆಗೆ ಇನ್ನೂ ಬಣ್ಣ ಬಿದ್ದಿರಲಿಲ್ಲ, ಕಣ್ಣು ಮೂಗು ಬರೆದಿರಲಿಲ್ಲ. ಅಷ್ಟರಲ್ಲಿ ಒಬ್ಬಾಕೆ ಬಂದು, ಸಾಕು, ಇಲ್ಲಿಗೇ ನಿಲ್ಲಿಸಿ, ಇದು ನನಗೆ ಹೀಗೇ ಬೇಕು ಎಂದಳು.

"ಇನ್ನೂ ಮೂಗೇ ಇಟ್ಟಿಲ್ಲ ಅಂತ ಹೇಳಿ ಭಾಯ್," ಎಂದರು ಇವರು ಕಂಗಾಲಾಗಿ.

"ಹೇಳ್ದೆ ಅಣ್ಣಾ. ಮೂಗಿಟ್ರೆ ಕೆಟ್ಟೋಯ್ತದೆ ಅಂತಾಳೆ. ಇದಕ್ಕೆ ಅಬ್‌ಸ್ಟ್ರಾಕ್ಟ್ ಅಂತಾರೆ."

"ಅಂದ್ರೆ?"

"ಅಂದ್ರೆ ಏನು ಅಂತ ಕೇಳಬಾರ್ದು ಅಂತ."

ಇವರಿಗೆ ಆ ದಿನ ಊಟ ಸೇರಲಿಲ್ಲ. ಮೂಗಿಲ್ಲದ ಗೊಂಬೆಯನ್ನು ಕೊಟ್ಟು ಕಳಿಸಿದೆನಲ್ಲ, ನಮ್ಮಪ್ಪ ಇದ್ದಿದ್ದರೆ ಉಳಿ ತೆಗೆದುಕೊಂಡು ಹೊಡೆಯುತ್ತಿದ್ದರು ಎಂದು ಮಲಗುವವರೆಗೂ ಗೊಣಗಿದರು.

ಕಲ್ಲಿನ ಮುಂದೆ

ಆಯುಧಪೂಜೆಯ ದಿನ ಮೇಳಕ್ಕೆ ರಜೆ. ಬೆಳಗ್ಗೆ ಮರೈಕೆಯವರ ಲೇತನ್ನು ತೊಳೆದು ಒರೆಸಿ ಅರಿಸಿನ ಕುಂಕುಮ ಇಟ್ಟೆ. ನಿಂಬೆಹಣ್ಣು ಸಿಕ್ಕಿತು, ಹೂವು ಸಿಗಲಿಲ್ಲ. ಅವರು ಸಂತೋಷಪಟ್ಟು, ಇವತ್ತು ನಿಮಗೆ ನಮ್ಮೂರಿನ ಕಲಾ ಮ್ಯೂಸಿಯಂ ತೋರಿಸುತ್ತೇನೆ ಎಂದು ಕರೆದೊಯ್ದರು.

ಒಳಗೆ ಹೋಗುತ್ತಲೇ ಒಂದು ದೊಡ್ಡ ಬಿಳಿ ಕೋಣೆ. ನಡುವೆ ನೆಲದ ಮೇಲೆ ಒಂದು ಕರೀ ಕಲ್ಲು. ಮೊಣಕಾಲೆತ್ತರ, ಮೇಲೆ ಸ್ವಲ್ಪ ದುಂಡಗೆ, ಉಳಿ ತಾಗಿದ ಗುರುತಿಲ್ಲ. ಸುತ್ತ ಮರಳು ಹಾಸಿತ್ತು. ಮೇಲಿನಿಂದ ಬೆಳಕು ಸರಿಯಾಗಿ ಅದರ ನೆತ್ತಿಗೆ ಬೀಳುತ್ತಿತ್ತು. ವಾರದಿಂದ ಒಂದು ಗುಡಿಯನ್ನೂ ಕಂಡಿರಲಿಲ್ಲ, ಹಬ್ಬದ ದಿನ ಬೇರೆ. ನನ್ನ ಊರಿನಲ್ಲಿ ಬೇವಿನ ಮರದ ಬುಡದ ಮಾರಮ್ಮ ಇರುವುದು ಹೀಗೆಯೇ. ನಾನು ಚಪ್ಪಲಿ ಬಿಟ್ಟೆ, ಮರಳು ದಾಟಿದೆ, ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆದು ನೆತ್ತಿಗೆ ಇಟ್ಟೆ. ಎಲ್ಲೋ ಕುಯ್ ಎಂದು ಕೂಗಿಕೊಂಡಿತು.

ಆಮೇಲಿನ ರಾಮಾಯಣ ಕೇಳಬೇಡಿ. ಕಾವಲಿನ ಹೆಂಗಸು ಓಡಿ ಬಂದಳು, ಬಾಗಿಲಷ್ಟು ಎತ್ತರದವಳು. ಅವಳ ಹಿಂದೆ ಕೈಗೆ ಗವಸು ತೊಟ್ಟ ಒಬ್ಬ ಮನುಷ್ಯ. ಅವನು ಮಂಡಿಯೂರಿ, ಹತ್ತಿ ಸುತ್ತಿದ ಕಡ್ಡಿಯಿಂದ, ಎಳೆಕೂಸಿನ ಕಿವಿ ಒರೆಸುವ ಹಾಗೆ ಕುಂಕುಮ ಒರೆಸಿದ. ನಮ್ಮ ಯಜಮಾನರು ನನ್ನ ಪರಿಚಯವೇ ಇಲ್ಲದವರ ಹಾಗೆ ಕಿಟಕಿಯ ಹತ್ತಿರ ಹೋಗಿ ನಿಂತರು.

"ಇದು ದೇವರು ಅಂತ ನಿಮಗೆ ಯಾರು ಹೇಳಿದ್ರು ಅಂತ ಕೇಳ್ತಾವ್ಳೆ ಅಕ್ಕಾ," ಎಂದರು ಸಲೀಮ್ ಭಾಯಿ, ನಗು ತಡೆದು.

"ಅಲ್ಲ ಅಂತ ಅವ್ಳಿಗೆ ಯಾರು ಹೇಳಿದ್ರಂತೆ?"

"ನಾನು ಇದನ್ನ ಹೇಳಲ್ಲ. ನಮ್ಮನ್ನ ಒಳಗೆ ಹಾಕ್ತಾರೆ."

ಕಲ್ಲಿನ ಪಕ್ಕದ ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳಿದೆ. ಹೆಸರಿಟ್ಟಿಲ್ಲ ಎಂದು ಬರೆದಿದೆಯಂತೆ. ಕೆತ್ತದೆ ಇಟ್ಟದ್ದು ಸಾಲದು ಎಂದು ಹೆಸರನ್ನೂ ಇಡದೆ, ದೀಪವನ್ನೂ ಹಚ್ಚದೆ, ಮುಟ್ಟಿದರೆ ಕೂಗುವ ಹಾಗೆ ಮಾಡಿ ಕೂರಿಸಿದ್ದಾರೆ. ನಾವು ಮಾರಮ್ಮನಿಗೆ ಕಣ್ಣೆಲ್ಲಿ ಮೂಗೆಲ್ಲಿ ಎಂದು ಕೇಳಿದವರಲ್ಲ. ಸುಮ್ಮನೆ ನಿಲ್ಲುತ್ತೇವೆ, ಮನಸ್ಸಿಗೆ ಬಂದದ್ದು ಹೇಳಿಕೊಳ್ಳುತ್ತೇವೆ, ಬರುತ್ತೇವೆ. ಇವರು ಮಾಡುವುದೂ ಅದನ್ನೇ ಎಂದು ಆಮೇಲೆ ಅನಿಸಿತು. ಕೈ ಕಟ್ಟಿ ನಿಲ್ಲುತ್ತಾರೆ, ಪಿಸುಗುಡುತ್ತಾರೆ, ಹೋಗುತ್ತಾರೆ. ಪ್ರಸಾದ ಮಾತ್ರ ಇಲ್ಲ.

ಮೇಲಿನ ಮಹಡಿ

ಮರೈಕೆಗೆ ಕೋಪ ಬಂದಿರಲಿಲ್ಲ, ಅದು ಪುಣ್ಯ. ಮೇಲಿನ ಮಹಡಿಯಲ್ಲಿ ಇನ್ನೊಂದು ಕೋಣೆ ತೋರಿಸಿದರು. ಗೋಡೆಯ ತುಂಬ ಚಿತ್ರಗಳು, ಒಂದರಲ್ಲೂ ಮನುಷ್ಯರಿಲ್ಲ, ಮರವಿಲ್ಲ, ಮನೆಯಿಲ್ಲ. ಬರೀ ಬಣ್ಣ. ಕೆಳಗೆ ಬರೆದವರ ಹೆಸರೂ ಇಲ್ಲ. ಅವರು ಏನೋ ಹೇಳುತ್ತ ಹೋದರು. ಸಲೀಮ್ ಭಾಯಿ ಕೇಳಿಸಿಕೊಂಡರು, ಆದರೆ ತಕ್ಷಣ ಕನ್ನಡಕ್ಕೆ ತರಲಿಲ್ಲ. ನಮ್ಮ ಸಿಂಚನಳ ವಿಷಯ ಅವರಿಗೆ ಗೊತ್ತು, ಬೀದಿಗೆಲ್ಲ ಗೊತ್ತು.

"ಏನಂದ್ರು ಭಾಯ್? ಮುಚ್ಚಿಡ್ಬೇಡಿ."

"ತಪ್ಪು ಮಾಡಿದ ಮಕ್ಕಳನ್ನ ಇಡೋ ಮನೆ ಒಂದೈತಂತೆ ಅಕ್ಕಾ, ಈ ಊರಲ್ಲೇ. ಇವರು ವಾರಕ್ಕೆರಡು ದಿನ ಅಲ್ಲಿ ಹೋಗಿ ಮರಗೆಲಸ ಕಲಿಸ್ತಾರಂತೆ. ಈ ಚಿತ್ರ ಆ ಮಕ್ಕಳದು."

"ಏನ್ ತಪ್ಪು?"

"ಕಳ್ಳತನ. ಹೊಡೆದಾಟ." ಅವರು ಗೋಡೆಯ ಕಡೆ ತಿರುಗಿ ಮಾತು ಮುಗಿಸಿದರು. "ಒಂದಿಬ್ಬರು ಜೀವ ತೆಗೆದವರೂ ಅವ್ರಂತೆ."

ನನಗೆ ಬಂದ ಕೋಪವನ್ನು ಎಲ್ಲಿ ಇಡಲಿ ಎಂದು ತೋಚಲಿಲ್ಲ. ಕೊಂದವರ ಗೀಚಿಗೆ ಚೌಕಟ್ಟು, ಅದಕ್ಕೊಂದು ಲೈಟು! ಸತ್ತ ಮಗುವಿನ ತಾಯಿ ಈ ಮೆಟ್ಟಿಲು ಹತ್ತಿ ಬಂದರೆ ಎಲ್ಲಿ ನಿಲ್ಲಬೇಕು? ಮಂಜುಳಳ ಗೋಡೆಯಾಚೆಯ ಆ ಹೆಣ್ಣು ಕಣ್ಣ ಮುಂದೆ ಬಂದಳು. ಆದರೂ ನೋಡದೆ ಇರಲಾಗಲಿಲ್ಲ. ಯಾವುದು ಕೊಂದವರದು ಎಂದು ಪೊಲೀಸರ ಹಾಗೆ ಒಂದೊಂದನ್ನೇ ನೋಡುತ್ತ ಹೋದೆ. ಒಂದರಲ್ಲಿ ಕೆಂಪು ಎರಚಿ ಮೇಲೆ ಕಪ್ಪು ಬಳಿದಿತ್ತು. ಇದೇ, ಸಂಶಯವಿಲ್ಲ ಎಂದುಕೊಂಡೆ. ಮುಂದೆ ಇನ್ನೊಂದು. ತಿಳಿ ಬೂದು ಬಣ್ಣದ ಮೇಲೆ ಅಡ್ಡಡ್ಡ ಹಳದಿ ಗೆರೆಗಳು, ಒಂದು ಇನ್ನೊಂದನ್ನು ಮುಟ್ಟದ ಹಾಗೆ. ಅಲ್ಲಿ ನನ್ನ ಕಾಲು ನಿಂತಿತು. ಇಷ್ಟು ವರ್ಷ ತಿರುಗುವ ಮರಕ್ಕೆ ಬಣ್ಣ ಒತ್ತಿದವಳು ನಾನು. ಗೆರೆ ಅಂಚಿಗೆ ಬಂದು ನಿಲ್ಲಬೇಕಾದರೆ ಕೈಗೆ ಎಷ್ಟು ಹದ ಬೇಕೆಂದು ನನಗೆ ಗೊತ್ತು. ಈ ಮಗುವಿಗೆ ಆ ಕೈ ಇತ್ತು. ಒಂದು ಗೆರೆಯೂ ನಡುಗಿರಲಿಲ್ಲ. ನೋಡುತ್ತ ನೋಡುತ್ತ ಮನಸ್ಸು ತಣ್ಣಗಾಗುತ್ತಿತ್ತು, ಅಷ್ಟರಲ್ಲಿ ಹೊಳೆಯಿತು: ಹೊಂಡದ ದಡದಲ್ಲಿ ಸಿಂಚನಳ ಕೈಯೂ ನಡುಗಿರಲಿಕ್ಕಿಲ್ಲ.

"ಕೇಳಿ ಭಾಯ್, ಕೊಂದವರು ಬರೆದಿದ್ದು ಯಾವುದು ಅಂತ ಕೇಳಿ."

ಮರೈಕೆ ತಲೆಯಾಡಿಸಿದರು. ತಮಗೂ ಗೊತ್ತಿಲ್ಲವಂತೆ. ಯಾವ ಮಗು ಏನು ಮಾಡಿದೆ ಎಂದು ನನಗೆ ಹೇಳಬೇಡಿ ಎಂದು ತಾವೇ ಕೇಳಿಕೊಂಡಿದ್ದಾರಂತೆ. ಇದೇನು ಬೇಜವಾಬ್ದಾರಿ ಎಂದು ನನಗೆ ರೇಗಿಹೋಯಿತು.

"ಗೊತ್ತಿಲ್ದೆ ಆ ಮಕ್ಕಳ ಕೈಗೆ ಉಳಿ ಕೊಡ್ತಾರಾ? ಅಷ್ಟು ನಂಬ್ತಾರಾ ಅವರನ್ನ?"

ಸಲೀಮ್ ಭಾಯಿ ಕೇಳಿದರು. ಮರೈಕೆ ನನ್ನನ್ನೇ ನೋಡಿಕೊಂಡು ಉತ್ತರ ಹೇಳಿದರು, ಇವರು ಹಿಂದೆಯೇ ಕನ್ನಡದಲ್ಲಿ ಹೇಳುತ್ತ ಬಂದರು.

"ನಂಬಿಕೆ ಎಲ್ಲ ಆಮೇಲಂತೆ ಅಕ್ಕಾ. ಇವರು ಎಣಿಸ್ತಾರಂತೆ. ಹದಿಮೂರು ಉಳಿ. ಕೊಡೋವಾಗ ಎಣಿಸ್ತಾರೆ, ವಾಪಸ್ ತಗೊಳೋವಾಗ ಎಣಿಸ್ತಾರೆ. ಕದ್ದು ಎಣಿಸಲ್ಲ, ಮಕ್ಕಳ ಎದುರಿಗೇ, ಜೋರಾಗಿ."

"ಒಂದಿನಾನೂ ಕಮ್ಮಿ ಬಂದಿಲ್ವಂತಾ?"

"ಒಂದಿನ ಹನ್ನೆರಡೇ ಬಂತಂತೆ. ಎಲ್ರನ್ನೂ ಕೂರ್ಸಿ, ಬಾಗಿಲು ಹಾಕ್ಸಿ, ಇವರೂ ಜೊತೆಗೆ ಕೂತ್ರಂತೆ. ಸಂಜೆ ಆಯ್ತು, ಯಾರೂ ಒಪ್ಪಲಿಲ್ಲ. ಕೊನೆಗೆ ನೋಡಿದ್ರೆ ಇವರ ಜೇಬಲ್ಲೇ ಇತ್ತಂತೆ."

ಮರೈಕೆ ತಮ್ಮ ಜೇಬು ತಟ್ಟಿ ತೋರಿಸಿ ನಕ್ಕರು. ಆಮೇಲೆ ಏನು ಮಾಡಿದಿರಿ ಎಂದು ನಾನೇ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಎಲ್ಲರ ಎದುರಿಗೆ ಒಬ್ಬೊಬ್ಬರಿಗೂ ಕ್ಷಮೆ ಕೇಳಿದರಂತೆ. ಮಾರನೇ ದಿನ ಮತ್ತೆ ಹದಿಮೂರು ಎಣಿಸಿ ಕೊಟ್ಟರಂತೆ.

ನನಗೆ ಇದರಿಂದ ಸಮಾಧಾನವಾಯಿತು ಎಂದರೆ ಸುಳ್ಳಾಗುತ್ತದೆ. ಉಳಿಯನ್ನು ಎಣಿಸಬಹುದು, ಹೊಂಡಗಳನ್ನು ಎಣಿಸಲಾಗುತ್ತದೆಯೇ? ಮೆಟ್ಟಿಲು, ಬಾವಿ, ಮಾಳಿಗೆಯ ಅಂಚು, ಬಿಸಿ ಸಾರಿನ ಪಾತ್ರೆ? ಆದರೆ ಒಂದು ಮಾತು ತಲೆಯಲ್ಲಿ ಉಳಿಯಿತು. ಇಷ್ಟು ದಿನ ನಾನು ಆ ಹುಡುಗಿಯನ್ನು ನಂಬಬಹುದೇ ಎಂದೇ ಯೋಚಿಸುತ್ತಿದ್ದೆ, ಅದಕ್ಕೆ ಉತ್ತರವಿಲ್ಲದೆ ಸುಸ್ತಾಗುತ್ತಿದ್ದೆ. ನಂಬದೆಯೂ ಒಂದು ಮಗುವನ್ನು ಹತ್ತಿರ ಕೂರಿಸಿಕೊಳ್ಳಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಚನ್ನಪಟ್ಟಣ

ವಿಮಾನದಲ್ಲಿ ಯಜಮಾನರನ್ನು ಕೇಳಿದೆ, ಏನು ಮಾಡೋಣ ಹೇಳಿ ಎಂದು. "ದಿನಾ ಮನೇಲಿರೋಳು ನೀನು. ನೀನು ಹೆಂಗಂತೀಯೋ ಹಂಗೆ" ಎಂದು ಹೇಳಿ ಕಂಬಳಿ ಹೊದ್ದರು. ಈ ಗಂಡಸರು ಉಪ್ಪು ಹುಳಿಯ ವಿಷಯಕ್ಕೆ ನಮ್ಮ ಮಾತು ಕೇಳುವುದಿಲ್ಲ, ದೊಡ್ಡ ವಿಷಯ ಬಂದ ತಕ್ಷಣ ಪೂರ್ತಿ ಮರ್ಯಾದೆ ಕೊಟ್ಟುಬಿಡುತ್ತಾರೆ.

ಸೊಸೆ ರಶ್ಮಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಮಗು ಅವಳದು, ಅವಳು ಬೇಡವೆಂದರೆ ಅಲ್ಲಿಗೆ ಮುಗಿಯಿತು. ಮಗ ನನ್ನ ಮುಖ, ಹೆಂಡತಿಯ ಮುಖ ನೋಡಿ ಬೈಕು ಒರೆಸಲು ಹೊರಗೆ ಹೋದ. ರಶ್ಮಿ ಆದ್ಯಳ ಬಟ್ಟೆ ಮಡಿಸುತ್ತಿದ್ದಳು. ಎಲ್ಲ ಮಡಿಸಿ ಮುಗಿಸಿದ ಮೇಲೆ ಮಾತಾಡಿದಳು.

"ಕರ್ಕೊಂಡು ಬನ್ನಿ ಅತ್ತೆ. ಆ ಹುಡುಗಿ ಬೀದೀಲಿರ್ಲಿ ಅಂತ ನಾನು ಹೇಳಲ್ಲ. ಆದ್ರೆ ಆದ್ಯ ಹಗಲೊತ್ತು ಇಲ್ಲಿರಲ್ಲ. ರಾಮನಗರದಲ್ಲಿ ನಮ್ಮಮ್ಮನ ಹತ್ರ ಬಿಟ್ಟು ಕೆಲಸಕ್ಕೋಗ್ತೀನಿ."

"ಎಷ್ಟು ದಿನ?"

"ಗೊತ್ತಿಲ್ಲ ಅತ್ತೆ."

ಕೋಪ ಮಾಡಿಕೊಳ್ಳುವ ಹಕ್ಕು ನನಗಿರಲಿಲ್ಲ, ಆದರೂ ಬಂತು. ಹಗಲೆಲ್ಲ ನನ್ನ ಸೊಂಟದ ಮೇಲಿದ್ದ ಕೂಸು. ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನು ಜೋರಾಗಿ ಇಟ್ಟೆ, ಸಂಜೆಗೆ ಮಗು ಮನೆಗೇ ಬರುತ್ತದಲ್ಲ ಎಂದು ಅದನ್ನೂ ಒಂದು ಉಪಕಾರವೆಂದು ಎಣಿಸಿಕೊಂಡೆ. ಆಮೇಲೆ ಮಂಜುಳಳಿಗೆ ಹೂಂ ಎಂದೆ. ಅವಳು ಫೋನಿನಲ್ಲಿ ಮೂಗೊರೆಸಿಕೊಂಡದ್ದು ಕೇಳಿಸಿತು.

ಶನಿವಾರ ಅವಳು ಬಾಲಮಂದಿರಕ್ಕೆ ಹೋದಾಗ, ಅಲ್ಲಿಯ ಮೇಡಂ ಎದುರಿಗೇ ಸಿಂಚನಳ ಕೈಗೆ ಫೋನು ಕೊಟ್ಟಳು.

"ದೊಡ್ಡಮ್ಮ," ಎಂದಿತು. ದನಿ ಬಲಿತು ದೊಡ್ಡವರ ಹಾಗಾಗಿತ್ತು.

"ನಾನು ಹೇಳೋದ್ನ ಪೂರ್ತಿ ಕೇಳು. ನಿನ್ನ ಮೇಲೆ ನಂಗೆ ನಂಬಿಕೆ ಇಲ್ಲ."

"ಹೂಂ."

"ಆದ್ಯ ಜೊತೆ ನಿನ್ನ ಒಂದು ನಿಮಿಷಾನೂ ಒಂಟಿ ಬುಡಲ್ಲ. ಕದ್ದು ನೋಡಲ್ಲ, ಎದುರಿಗೇ ನೋಡ್ತೀನಿ. ಬೇಜಾರು ಮಾಡ್ಕೊಂಡು ಮೂತಿ ಊದ್ಸಿದ್ರೆ ನಾನು ಸಮಾಧಾನ ಮಾಡಲ್ಲ."

"ಹೂಂ."

"ಯಾಕೆ ಮಾಡ್ದೆ ಅಂತ ಇನ್ನು ಕೇಳಲ್ಲ. ನಿಂಗೆ ಗೊತ್ತಾದ ದಿನ ನೀನೇ ಹೇಳು. ಗೊತ್ತಾಗದೇ ಹೋದ್ರೆ ಅದನ್ನೂ ಹೇಳು."

ಲೈನು ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಎಂದೆ.

"ಕೇಳ್ತಾ ಇದೀನಿ ದೊಡ್ಡಮ್ಮ."

"ರಾತ್ರಿ ನನ್ನ ರೂಮಲ್ಲೇ ಮಲಗ್ಬೇಕು. ದೊಡ್ಡಪ್ಪ ನಡುಮನೇಲಿ ಮಲಗ್ತಾರೆ."

"ದೊಡ್ಡಮ್ಮ," ಎಂದಿತು, ಮೊದಲಿಗಿಂತ ಮೆಲ್ಲಗೆ. "ಬಾಗಿಲಿಗೆ ಹೊರಗಿಂದ ಚಿಲಕ ಹಾಕಿಬುಡಿ. ಅಣ್ಣ ಅತ್ತಿಗೆಗೆ ನಿದ್ದೆ ಬತ್ತದೆ."

ಹದಿನಾಲ್ಕು ವರ್ಷದ ಮಗು ಕೇಳುವ ಮಾತೇ ಇದು? ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ ರೇಗಿದೆ.

"ಹೊರಗಿಂದ ಹಾಕಿದ್ರೆ ನಾನು ಒಂದಕ್ಕೆ ಹೋಗೋದು ಹೆಂಗವ್ವ? ಸಕ್ಕರೆ ಕಾಯಿಲೆಯೋಳು, ರಾತ್ರಿಗೆ ಮೂರು ಸಲ ಏಳ್ತೀನಿ. ಎದ್ದಾಗೆಲ್ಲ ಲೈಟು ಹಾಕ್ತೀನಿ, ನಿನ್ನ ಮುಖ ನೋಡ್ತೀನಿ. ನಿದ್ದೆ ಕೆಡ್ತದೆ ನಿಂಗೆ. ತಡ್ಕೋಬೇಕು."

"ತಡ್ಕೋತೀನಿ," ಎಂದಿತು.